ಕಪ್ತಾನನ ವಾರಸುದಾರರು

ದೇವನಹಳ್ಳಿಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಶುರುವಾದದ್ದು 2008ರಲ್ಲಿ. ಈಗ ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲದ ಕಡೆಯ ಹಜ್ ಯಾತ್ರಿಕರು ಮನೆಬಾಗಿಲಲ್ಲೇ ಎಂಬಂತೆ ವಿಮಾನ ಹತ್ತಿ, ಒಂದು ಹಗಲು ಕಳೆಯುವುದರೊಳಗೆ ಕಡಲಾಚೆ ಇಳಿದಿರುತ್ತಾರೆ. ನಮ್ಮ ಹಿರಿಯರಿಗೆ ಹಜ್ ಎಂದರೆ ಹಡಗು. ರೈಲಿನಲ್ಲಿ ಬೊಂಬಾಯಿಗೆ ಹೋಗಿ, ಮುಸಾಫಿರ್‌ಖಾನೆಯಲ್ಲಿ ದಿನಗಟ್ಟಲೆ ಕಾದು, ಹಡಗು ಹತ್ತುತ್ತಿದ್ದರು. ಬೊಂಬಾಯಿಯಿಂದ ಜಿದ್ದಾಕ್ಕೆ ಹೋಗುತ್ತಿದ್ದ ಆ ಹಡಗುಯಾನ ನಿಂತದ್ದು 1995ರಲ್ಲಿ. ಹೊರಡುವ ಮುನ್ನ ಸಾಲ ತೀರಿಸಿ, ನೆರೆಹೊರೆಯವರಲ್ಲಿ ಮಾಫಿ ಕೇಳಿ, ಪೆಟ್ಟಿಗೆಯ ತಳದಲ್ಲಿ ಕಫನಿನ ಬಟ್ಟೆ ಇಟ್ಟುಕೊಳ್ಳುತ್ತಿದ್ದರು ಎಂದು ನಮ್ಮ ದಾದಿ ಹೇಳುತ್ತಿದ್ದರು. ಬಯಲುಸೀಮೆಯ ಈ ಜನ ಅದುವರೆಗೆ ಕಂಡ ದೊಡ್ಡ ನೀರೆಂದರೆ ಹೊಸಕೋಟೆಯ ಕೆರೆ. 'ಹಡಗೇ ಮುಳುಗಿದರೆ ಕಫನ್ ಯಾರು ಹೊದಿಸುತ್ತಾರೆ ದಾದಿ?' ಎಂದು ನಾವು ಮಕ್ಕಳು ಕೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. 'ಹಡಗಿನ ಮಾತು ಹಾಗೆ ಆಡಬಾರದು' ಎನ್ನುತ್ತಿದ್ದರು.

ಆಡಬಾರದ ಆ ಮಾತನ್ನು ನೂರಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲದಿಂದ ಹಾಡುತ್ತಲೇ ಬಂದಿರುವ ಒಂದು ಸೀಮೆ ಇದೆ. ಅದು ಗುಜರಾತಿನ ಕಚ್ಛ್ ಮತ್ತು ಸೌರಾಷ್ಟ್ರದ ಕರಾವಳಿ. ಅಲ್ಲಿ ಹಾಜಿ ಕಾಸಮ್ ಎಂಬ ಕಪ್ತಾನನ ಹೆಸರು ತಿಳಿಯದವರು ಕಡಿಮೆ. 1888ರ ನವೆಂಬರ್ 8ರಂದು ಕಚ್ಛದ ಮಾಂಡವಿಯಿಂದ ಬೊಂಬಾಯಿಗೆ ಹೊರಟ 'ವೈತರಣಾ' ಎಂಬ ಉಗಿಹಡಗು ಸೌರಾಷ್ಟ್ರದ ಕಡಲಲ್ಲಿ ಬಿರುಗಾಳಿಗೆ ಸಿಕ್ಕಿ ಕಾಣೆಯಾಯಿತು. ಬೊಂಬಾಯಿ ಸರ್ಕಾರವೂ ಹಡಗು ಕಂಪನಿಗಳೂ ಹುಡುಕಲು ಕಳಿಸಿದ ಹಡಗುಗಳು ಬರಿಗೈಯಲ್ಲಿ ಮರಳಿದವು. ಒಬ್ಬರೂ ಉಳಿಯಲಿಲ್ಲ. ಹಡಗಿನಲ್ಲಿದ್ದವರು ಏಳುನೂರಕ್ಕೂ ಹೆಚ್ಚು. ದೀಪಾವಳಿ ಕಳೆದು ಮದುವೆಯ ದಿನಗಳು ಶುರುವಾಗಿದ್ದವು. ಹದಿಮೂರು ಮದುವೆ ದಿಬ್ಬಣಗಳೂ, ಬೊಂಬಾಯಿ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆಗೆ ಹೊರಟ ಹುಡುಗರೂ ಅದರಲ್ಲಿದ್ದರೆಂದು ಹೇಳುತ್ತಾರೆ. ವಿದ್ಯುತ್ ದೀಪಗಳಿದ್ದುದರಿಂದ ಜನ ಅದನ್ನು 'ವೀಜಳಿ' ಎಂದು ಕರೆಯುತ್ತಿದ್ದರು. ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನಲ್ಲಿ 1885ರಲ್ಲಿ ಕಟ್ಟಿದ ಹಡಗು ಅದು. ಮೂರೇ ವರ್ಷದಲ್ಲಿ ಹೋಯಿತು.

ದುರಂತದ ಬೆನ್ನಿಗೇ 'ವೀಜಳಿ ವಿಲಾಪ' ಎಂಬ ಹೆಸರಿನ ಶೋಕಗೀತೆಗಳ ಪುಸ್ತಿಕೆಗಳು ಅಚ್ಚಾದವು. ಬಾಯಿಂದ ಬಾಯಿಗೆ ಹರಿದ ಹಾಡುಗಳನ್ನು ಮುಂದೆ ಜವೇರ್‌ಚಂದ್ ಮೇಘಾಣಿಯಂಥ ಜಾನಪದ ಸಂಗ್ರಾಹಕರು ಕಾಪಾಡಿದರು. 1954ರಲ್ಲಿ ಗುಣವಂತರಾಯ ಆಚಾರ್ಯರ ಕಾದಂಬರಿ ಬಂತು. ಅದರ ಹೆಸರು 'ಹಾಜಿ ಕಾಸಮ್ ತಾರೀ ವೀಜಳೀ'. ಹೆಸರು ಹಾಡಿನಿಂದಲೇ ಬಂದದ್ದು. ಈ ಲೇಖನದಲ್ಲಿ ನನ್ನ ತಕರಾರು ಇರುವುದು ಆ ಹೆಸರಿನ ನಡುವೆ ಕೂತಿರುವ ಒಂದು ಸಣ್ಣ ಪದದ ಮೇಲೆ. 'ತಾರೀ' ಎಂದರೆ 'ನಿನ್ನ'. ಹಾಜಿ ಕಾಸಮ್, ನಿನ್ನ ವೀಜಳಿ.

ಹಡಗು ಅವನದಾಗಿರಲಿಲ್ಲ. ಅದು ಬೊಂಬಾಯಿಯ ಶೆಫರ್ಡ್ ಕಂಪನಿಯ ಸ್ವತ್ತು. ಹಾಜಿ ಕಾಸಮ್ ಅದನ್ನು ನಡೆಸುವ ಕಪ್ತಾನ. ದುರಂತದ ನಂತರ ಬೊಂಬಾಯಿ ಸರ್ಕಾರ ನೇಮಿಸಿದ ನೌಕಾ ವಿಚಾರಣಾ ಮಂಡಳಿ, ಹಡಗಿನಲ್ಲಿ ಜೀವರಕ್ಷಣೆಯ ಏರ್ಪಾಡು ಸಾಲದಾಗಿತ್ತು ಎಂದು ಕಂಡುಕೊಂಡಿತು. ಜೀವರಕ್ಷಕ ದೋಣಿಗಳನ್ನು ಇಡಬೇಕಾದ್ದು, ಎಷ್ಟು ಜನರಿಗೆ ಟಿಕೆಟ್ ಕೊಡಬೇಕೆಂದು ತೀರ್ಮಾನಿಸಬೇಕಾದ್ದು ಕಂಪನಿ. ಆದರೆ ಶೆಫರ್ಡ್ ಹೆಸರು ಈವತ್ತು ಯಾರ ನಾಲಿಗೆಯ ಮೇಲೂ ಇಲ್ಲ. ಕಪ್ತಾನನ ಹೆಸರು ಮಾತ್ರ ಹಾಡಿನ ಪಲ್ಲವಿಯಲ್ಲಿ ತಿರುತಿರುಗಿ ಬರುತ್ತದೆ.

ಇದು ಹಾಡು ಕಟ್ಟಿದವರ ಕುತಂತ್ರ ಎಂದು ನಾನು ಹೇಳುತ್ತಿಲ್ಲ. ಅವರಿಗೆ ಗೊತ್ತಿದ್ದ ಲೋಕ ಬೇರೆಯದಾಗಿತ್ತು. ಅರಬ್ಬೀ ಸಮುದ್ರದ ತೀರದಲ್ಲೆಲ್ಲ ಹಾಯಿಹಡಗಿನ ಯಜಮಾನನನ್ನು 'ನಾಖುದಾ' ಎನ್ನುತ್ತಿದ್ದರು. ಫಾರಸಿಯಲ್ಲಿ ನಾವ್ ಎಂದರೆ ಹಡಗು, ಖುದಾ ಎಂದರೆ ಒಡೆಯ. ಆ ಕಾಲದ ನಾಖುದಾ ಹಲವು ಸಲ ಹಡಗಿನ ಮಾಲೀಕನೇ ಆಗಿರುತ್ತಿದ್ದ, ಇಲ್ಲವೇ ಮಾಲೀಕನ ಪರವಾಗಿ ಸರಕಿಗೂ ಜನಕ್ಕೂ ಹೊಣೆಯಾದ ಪ್ರತಿನಿಧಿಯಾಗಿರುತ್ತಿದ್ದ. ಹಡಗು ಮುಳುಗಿದರೆ ಮುಳುಗಿದ್ದು ಅವನದೇ ಬಾಳು. ಆಗ 'ನಿನ್ನ ಹಡಗು' ಎನ್ನುವುದು ನ್ಯಾಯವಾಗಿತ್ತು. ಉಗಿಹಡಗು ಬಂದ ಮೇಲೆ ಕಂಪನಿ ಬಂತು, ವಿಮೆ ಬಂತು. ಕಪ್ತಾನ ಆಳಾದ. ಆದರೆ ದಡದ ಮೇಲೆ ನಿಂತು ಕೈಬೀಸಿದ ಜನಕ್ಕೆ ಕಾಣುತ್ತಿದ್ದ ಮುಖ ಅವನೊಬ್ಬನದೇ. ಹಳೆಯ ಲೋಕದ ಒಡೆತನದ ಭಾಷೆಯಲ್ಲೇ ಹಾಡು ಹೊಸ ಲೋಕದ ನೌಕರನನ್ನು ಕರೆಯಿತು. ಕಂಪನಿಗೆ ಮುಖವಿಲ್ಲ. ಮುಖವಿಲ್ಲದ್ದನ್ನು ಕೂಗಿ ಅಳುವುದು ಹೇಗೆ?

ಹಾಡಿನ ಸುತ್ತ ಬೆಳೆದ ಐತಿಹ್ಯಗಳೂ ಇದೇ ಕೆಲಸ ಮಾಡಿವೆ. ಫಕೀರನೊಬ್ಬ ಹಾಜಿ ಕಾಸಮ್‌ಗೆ ತೊಂಬತ್ತೊಂಬತ್ತು ಹಡಗು ಸಿಗಲೆಂದು ದುವಾ ಮಾಡಿದ್ದನಂತೆ. ವೈತರಣಾ ಅದರಲ್ಲಿ ಕೊನೆಯದಂತೆ. ಪೋರಬಂದರಿನಲ್ಲಿ ಅವನಿಗೆ ಜಮೀನ್ದಾರಿಕೆ, ಬೊಂಬಾಯಿಯಲ್ಲಿ ಭೂಮಿ, ಮಲಬಾರ್ ಹಿಲ್‌ನಲ್ಲಿ ವಾಸ ಎಂದೆಲ್ಲ ಹೇಳುತ್ತಾರೆ. ಇಷ್ಟು ಸಿರಿವಂತನೊಬ್ಬ ಪರರ ಕಂಪನಿಯ ಹಡಗಿನ ಚುಕ್ಕಾಣಿ ಹಿಡಿದು ಮಳೆಗಾಳಿಯಲ್ಲಿ ನಿಲ್ಲುವುದು ಹೇಗೆಂದು ಐತಿಹ್ಯ ಕೇಳಿಕೊಳ್ಳುವುದಿಲ್ಲ. ಅದಕ್ಕೆ ಬೇಕಾದದ್ದು ಎತ್ತರದಿಂದ ಬೀಳುವ ಮನುಷ್ಯ. ಸಂಬಳಗಾರ ಬಿದ್ದರೆ ಅದು ಅಪಘಾತ, ವರ ಪಡೆದವನು ಬಿದ್ದರೆ ಅದು ವಿಧಿ.

ಇನ್ನೊಂದು ಕತೆ ಇನ್ನೂ ಕುತೂಹಲದ್ದು. ಪೋರಬಂದರಿನ ಆಡಳಿತಾಧಿಕಾರಿ ಲೀಲಿ ಎಂಬ ಇಂಗ್ಲಿಷ್ ಸಾಹೇಬ ಮುಂದೆ ಹೋಗಬೇಡವೆಂದು ಕಪ್ತಾನನಿಗೆ ಎಚ್ಚರಿಕೆ ಕೊಟ್ಟಿದ್ದನಂತೆ, ಇವನು ಕೇಳಲಿಲ್ಲವಂತೆ. ನಂತರದ ಸಂಶೋಧನೆ ಇದನ್ನು ಸಮರ್ಥಿಸುವುದಿಲ್ಲ. ಹವೆ ಕೆಟ್ಟಿದ್ದರಿಂದ ಹಡಗು ಪೋರಬಂದರಿನಲ್ಲಿ ನಿಲ್ಲದೆ ಮುಂದೆ ಸಾಗಿತು ಎಂಬುದಷ್ಟೇ ಗಟ್ಟಿ. ಆದರೂ ಈ ಎಚ್ಚರಿಕೆಯ ಕತೆ ಯಾಕೆ ಹುಟ್ಟಿತು ನೋಡಿ. ಇಂಗ್ಲಿಷರ ಸರ್ಕಾರಕ್ಕೆ ದೂರದೃಷ್ಟಿ, ದೇಶೀ ಕಪ್ತಾನನಿಗೆ ಹಠ. ಕಂಪನಿ ಈ ಚಿತ್ರದಲ್ಲಿ ಎಲ್ಲೂ ಇಲ್ಲ. ಇದೇ ಲೀಲಿ ಸಾಹೇಬ ಗಾಂಧೀಜಿಯ ಆತ್ಮಕತೆಯಲ್ಲಿಯೂ ಬರುತ್ತಾನೆ. ವಿಲಾಯತಿಗೆ ಹೋಗಲು ಸಹಾಯ ಕೇಳಿಬಂದ ಹುಡುಗನಿಗೆ ಮೊದಲು ಬಿ.ಎ. ಮಾಡು ಎಂದು ಹೇಳಿ ಮೆಟ್ಟಿಲು ಹತ್ತಿ ಹೋದವನು. ಗಾಂಧೀಜಿ ಬೊಂಬಾಯಿಯಲ್ಲಿ ಹಡಗು ಹತ್ತಿದ್ದು 1888ರ ಸೆಪ್ಟೆಂಬರ್ 4ರಂದು. ಕಡಲು ದಾಟಲು ಹೊರಟ ತಪ್ಪಿಗೆ ಜಾತಿಯವರು ಹೊರಗಿಟ್ಟಿದ್ದರು. ಎರಡು ತಿಂಗಳ ಮೇಲೆ ಅದೇ ಸೀಮೆಯ ಜನರ ಹಡಗು ಮುಳುಗಿತು.

ಇಷ್ಟೆಲ್ಲ ಹೇಳಿದ ಮೇಲೆ ಹಾಡಿನ ದೊಡ್ಡತನವನ್ನೂ ಹೇಳಬೇಕು. ಮುಳುಗಿದವರಲ್ಲಿ ಎಲ್ಲ ಜಾತಿ ಮತದವರಿದ್ದರು. ಕಪ್ತಾನ ಮುಸಲ್ಮಾನ, ಹೆಸರಿನಲ್ಲೇ ಹಾಜಿ. ಹಾಡು ಅವನನ್ನು ದೂರುತ್ತದೆ, ಆದರೆ ಮುಸಲ್ಮಾನನೆಂದು ದೂರುವುದಿಲ್ಲ. ಮಗನನ್ನು ಕಳೆದುಕೊಂಡ ತಾಯಿ ಮನೆಯವನೊಬ್ಬನನ್ನು ಜಗ್ಗಿ ಕೇಳುವ ಹಾಗೆ ಅವನನ್ನು ಕೇಳುತ್ತದೆ. ಗುಜರಾತಿನ ಹಿಂದೂ ಮನೆಗಳ ಹೆಂಗಸರು ಇದನ್ನು ಹಾಡುತ್ತ ಬಂದಿದ್ದಾರೆ. 2002ರ ನಂತರ ಗುಜರಾತ್ ಎಂಬ ಹೆಸರನ್ನು ಒಂದೇ ಅರ್ಥದಲ್ಲಿ ಕೇಳಿ ಅಭ್ಯಾಸವಾಗಿರುವ ನಮಗೆ ಇದು ತಿಳಿದಿರಬೇಕು. ಒಂದು ಅವಘಡ ನಡೆದರೆ ಚಾಲಕನ ಹೆಸರು ಯಾವ ಧರ್ಮದ್ದೆಂದು ಮೊದಲು ಹುಡುಕುವ ಇಂದಿನ ಫೋನಿನ ಜಗತ್ತಿನಲ್ಲಿ ವೀಜಳಿಯ ಹಾಡು ಹುಟ್ಟಲಾರದು.

ನಮ್ಮ ಕನ್ನಡದ 'ಕೆರೆಗೆ ಹಾರ'ವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಬಯಲುಸೀಮೆಯ ನಮಗೆ ನೀರಿನ ಸಾವೆಂದರೆ ಕೆರೆಯ ಸಾವು. ಅಲ್ಲಿ ಕೆರೆಗೆ ಸೊಸೆಯನ್ನು ಆಹಾರ ಕೊಟ್ಟ ಮಲ್ಲನಗೌಡನನ್ನು ಹಾಡು ಹೆಸರಿಡಿದು ಜಗ್ಗುವುದಿಲ್ಲ. ಭಾಗೀರಥಿಯ ಒಂದೊಂದೇ ಮೆಟ್ಟಿಲಿನ ಜೊತೆ ಇಳಿಯುತ್ತದೆ, ಕೊನೆಗೆ ಅವಳ ಗಂಡನೂ ಅದೇ ಕೆರೆಗೆ ಬೀಳುತ್ತಾನೆ. ಹೊಣೆ ಯಾರದೆಂದು ಕೇಳುಗರೇ ತಿಳಿಯಬೇಕು. ಗುಜರಾತಿನ ಹಾಡಿಗೆ ಆ ತಾಳ್ಮೆ ಇಲ್ಲ. ಇರಲು ಸಾಧ್ಯವೂ ಇರಲಿಲ್ಲ. ಅದು ಸುದ್ದಿ ಬಂದ ಗಳಿಗೆಯ ಹಾಡು.

ಇನ್ನು ವಾರಸಿನ ಮಾತು. ಏಳುನೂರು ಮನೆಗಳ ದುಃಖ ಹಾಡಿಗೆ ಕಂಡಿತು. ಕಪ್ತಾನನ ಮನೆಯ ದುಃಖ? ಹಾಡಿನ ಕಣ್ಣು ನಿಲ್ಲುವುದು ಮದುಮಕ್ಕಳ ಮೇಲೆ. ಹಡಗಿನಲ್ಲಿ ನಲವತ್ತರಷ್ಟು ಖಲಾಸಿಗಳು, ಬೆಂಕಿಮನೆಯ ಕೆಲಸಗಾರರೂ ಇದ್ದರು. ಅವರ ಮನೆಗಳಲ್ಲೂ ಹೆಂಡಿರಿದ್ದರು. ದೇಹ ಸಿಗದ ಮನುಷ್ಯನ ಹೆಂಡತಿ ವಿಧವೆಯೋ ಅಲ್ಲವೋ? ನಮ್ಮ ಫಿಕ್ಹ್‌ನಲ್ಲಿ ಇಂಥವನಿಗೆ 'ಮಫ್ಖೂದ್' ಎಂಬ ಹೆಸರಿದೆ, ಕಾಣೆಯಾದವನು. ಹಳೆಯ ಹನಫೀ ಮತದ ಪ್ರಕಾರ ಅವನ ಓರಗೆಯವರೆಲ್ಲ ತೀರಿಕೊಳ್ಳುವಷ್ಟು ಕಾಲ ಕಳೆಯುವವರೆಗೆ ಅವನು ಬದುಕಿದ್ದಾನೆಂದೇ ಲೆಕ್ಕ. ಆಸ್ತಿ ಹಂಚುವಂತಿಲ್ಲ, ಹೆಂಡತಿ ಮರುಮದುವೆಯಾಗುವಂತಿಲ್ಲ. ಮಾಲಿಕೀ ಮತದಲ್ಲಿ ನಾಲ್ಕು ವರ್ಷ ಕಾದರೆ ಸಾಕು. ಹಡಗು ಒಡೆದಂಥ ಸಂದರ್ಭದಲ್ಲಿ ಸಾವು ಬಹುಮಟ್ಟಿಗೆ ಖಚಿತವೆಂದು ಖಾಜಿ ತೀರ್ಪು ಕೊಡಬಹುದೆಂದು ಹೇಳಿದ ಹನಫೀ ಫಕೀಹರೂ ಇದ್ದಾರೆ. ಕಡಲಿಗೂ ಕಾಡಿಗೂ ಇರುವ ವ್ಯತ್ಯಾಸ ಅವರಿಗೆ ಗೊತ್ತಿತ್ತು. ಭಾರತದಲ್ಲಿ ಮೌಲಾನಾ ಅಶ್ರಫ್ ಅಲಿ ಥಾನವಿಯವರಂಥ ಹನಫೀ ಆಲಿಮರೇ ಹೆಂಗಸರ ಕಷ್ಟ ನೋಡಿ ಮಾಲಿಕೀ ಅಭಿಪ್ರಾಯವನ್ನು ಒಪ್ಪಿದರು. ಅದು 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾನೂನಿನೊಳಗೆ ಬಂತು: ಗಂಡನ ಸುಳಿವು ನಾಲ್ಕು ವರ್ಷ ಸಿಗದಿದ್ದರೆ ಹೆಂಡತಿ ಕೋರ್ಟಿಗೆ ಹೋಗಬಹುದು. ವೈತರಣಾದ ಖಲಾಸಿಗಳ ಹೆಂಡಿರ ಮಟ್ಟಿಗೆ ಆ ಕಾನೂನು ಬಂದದ್ದು ಐವತ್ತೊಂದು ವರ್ಷ ತಡವಾಗಿ.

ಕಪ್ತಾನನ ಮನೆಯವರಿಗೆ ಆಸ್ತಿಯ ಜೊತೆಗೆ ಒಂದು ಹೆಸರೂ ವಾರಸಾಗಿ ಬರುತ್ತದೆ. ಮುಂಬಯಿಯಲ್ಲಿರುವ ಹಾಜಿ ಕಾಸಮ್ ಚಾಳ್ ಇವನ ಹೆಸರಿನದೇ ಎನ್ನುತ್ತಾರೆ. ಬಾಡಿಗೆ ಮನೆಗಳ ಒಂದು ಕಟ್ಟಡಕ್ಕೂ, ಇಡೀ ಒಂದು ಸೀಮೆಯ ವಿಲಾಪಕ್ಕೂ ಒಂದೇ ಹೆಸರು.

ಇದೇ ಕಡಲು ಎಂಬತ್ತಮೂರು ವರ್ಷಗಳ ಮೇಲೆ ಇನ್ನೊಬ್ಬ ಕಪ್ತಾನನನ್ನು ನುಂಗಿತು. ವೈತರಣಾ ಹೋದದ್ದು ಮಾಂಗ್ರೋಳದ ಹತ್ತಿರ ಎನ್ನುತ್ತಾರೆ. ಅಲ್ಲಿಂದ ಕರಾವಳಿ ಹಿಡಿದು ತೆಂಕಣಕ್ಕೆ ಬಂದರೆ ದೀವ್. 1971ರ ಡಿಸೆಂಬರ್ 9ರ ರಾತ್ರಿ ದೀವ್ ಕಡಲಿನಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ 'ಹಂಗೋರ್' ಹೊಡೆದ ಟಾರ್ಪೆಡೋಗೆ ನಮ್ಮ ನೌಕಾಪಡೆಯ 'ಖುಕ್ರಿ' ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಸತ್ತರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಮ್ಮ ಜೀವರಕ್ಷಕ ಕವಚವನ್ನು ನಾವಿಕನೊಬ್ಬನಿಗೆ ಕೊಟ್ಟು ಹಡಗಿನೊಡನೆಯೇ ಇಳಿದರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ದೀವ್‌ನಲ್ಲಿ ಕಡಲಿಗೆ ಮುಖಮಾಡಿ ಖುಕ್ರಿಯ ಸ್ಮಾರಕವಿದೆ. ಅದೇ ಹೆಸರಿನ ಎರಡನೆಯ ಹಡಗು 2021ರಲ್ಲಿ ನಿವೃತ್ತವಾದ ಮೇಲೆ ಅದನ್ನೂ ದೀವ್‌ಗೇ ಕೊಟ್ಟರು. ಗೆದ್ದ ಹಂಗೋರ್ ಕರಾಚಿಯ ನೌಕಾ ವಸ್ತುಸಂಗ್ರಹಾಲಯದಲ್ಲಿದೆ.

ಮೇಜರ್ ಜನರಲ್ ಇಯಾನ್ ಕಾರ್ಡೋಜೊ ಅವರು ಖುಕ್ರಿಯ ಬಗ್ಗೆ 2006ರಲ್ಲಿ ಇಂಗ್ಲಿಷ್ ಪುಸ್ತಕ ತಂದರು. ಅದೇ 1971ರ ಯುದ್ಧದಲ್ಲಿ ಗಾಯಗೊಂಡ ತನ್ನ ಕಾಲನ್ನು ತಾನೇ ಕತ್ತರಿಸಿಕೊಂಡ ಸೈನಿಕ ಅವರು. ಬದುಕುಳಿದವರ ಮಾತುಗಳೇ ಈ ಪುಸ್ತಕದ ಜೀವಾಳ. ವೀಜಳಿಯ ಹಾಡಿಗೆ ಇಲ್ಲದ ಭಾಗ್ಯ ಇದು. ಅಲ್ಲಿ ಸಾಕ್ಷಿ ಹೇಳಲು ಒಬ್ಬನೂ ಉಳಿದಿರಲಿಲ್ಲ. ಆದರೆ ಸಾಕ್ಷಿಗಳಿದ್ದರೂ ಓದುಗನ ಮನಸ್ಸು ಹೋಗಿ ನಿಲ್ಲುವುದು ಹಡಗಿನ ಮೇಲಟ್ಟಣೆಯಲ್ಲಿ ಕದಲದೆ ಉಳಿದ ಆ ಒಬ್ಬ ಮನುಷ್ಯನ ಮೇಲೆ. ಹೊಸ ಜಲಾಂತರ್ಗಾಮಿಯ ಎದುರು ಹಳೆಯ ಹಡಗನ್ನು ಬೇಟೆಗೆ ಕಳಿಸಿದ್ದೇಕೆ, ಜಲಾಂತರ್ಗಾಮಿಯನ್ನು ಪತ್ತೆಹಚ್ಚುವ ಉಪಕರಣದ ಪ್ರಯೋಗಕ್ಕಾಗಿ ಅದು ನಿಧಾನವಾಗಿ ಸಾಗುತ್ತಿದ್ದುದು ಸರಿಯೇ ಎಂಬ ಪ್ರಶ್ನೆಗಳು ಎದ್ದವು. ಆದರೆ ಆ ಚಿತ್ರದ ಪ್ರಭೆಯಲ್ಲಿ ಅವು ಮಂಕಾದವು. ಹಾಜಿ ಕಾಸಮ್‌ನ ಹೆಸರಿನ ಹಿಂದೆ ಕಂಪನಿ ಅಡಗಿತು. ಇಲ್ಲಿ ಮುಲ್ಲಾ ಅವರ ಹೆಸರಿನ ಹಿಂದೆ ಅಡಗಿದ್ದು ಯೋಜನೆ ಮಾಡಿದ ಕೋಣೆ. ಒಬ್ಬನ ಮೇಲೆ ದೂರು, ಇನ್ನೊಬ್ಬರ ಮೇಲೆ ಹೂಮಾಲೆ.

ಮುಲ್ಲಾ ಅವರ ಧೈರ್ಯವನ್ನು ಕಿರಿದು ಮಾಡುವುದು ನನ್ನ ಉದ್ದೇಶವಲ್ಲ. ಕಪ್ತಾನ ಹಡಗಿನೊಡನೆ ಮುಳುಗಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಕೊನೆಯವನಾಗಿ ಬಿಡಬೇಕೆಂಬುದು ಸಂಪ್ರದಾಯ. ಅವರ ಮುಂದಿದ್ದ ದಾರಿಗಳಲ್ಲಿ ಅತ್ಯಂತ ಕಠಿಣವಾದದ್ದನ್ನು ಅವರು ಆರಿಸಿಕೊಂಡರು. ಆದರೆ ಆ ಆಯ್ಕೆಯ ಜೊತೆ ಬದುಕಬೇಕಾದವರು ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಮಗಳು ಅಮೀತಾ ಮುಲ್ಲಾ ವಾಟ್ಟಲ್ ಮುಂದೆ ದೆಹಲಿಯ ಹೆಸರಾಂತ ಶಾಲೆಯೊಂದರ ಪ್ರಾಂಶುಪಾಲರಾದರು, ತಂದೆಯ ಬಗ್ಗೆ ಸಾರ್ವಜನಿಕವಾಗಿ ಮಾತಾಡಿದ್ದಾರೆ. ವೀರನ ಮಗಳಿಗೆ ಮಾತಾಡಲು ವೇದಿಕೆ ಇದೆ. ಹಾಜಿ ಕಾಸಮ್‌ನ ಮನೆಯ ಯಾವ ಹೆಣ್ಣುಮಗಳ ಒಂದು ಮಾತೂ ನಮ್ಮವರೆಗೆ ಬಂದಿಲ್ಲ.

ದೂರು, ಹೂಮಾಲೆ ಎರಡನ್ನೂ ಒಟ್ಟಿಗೆ ಹೊತ್ತ ಮನೆಯೊಂದಿದೆ. ಟೈಟಾನಿಕ್ ಕಪ್ತಾನ ಎಡ್ವರ್ಡ್ ಸ್ಮಿತ್‌ನದು. 1912ರಲ್ಲಿ ಅವನು ಮುಳುಗಿದಾಗ ಮಗಳು ಹೆಲೆನ್‌ಗೆ ಹದಿನಾಲ್ಕು. ಹಿಮಗಡ್ಡೆಯ ಎಚ್ಚರಿಕೆಗಳು ಬಂದಿದ್ದರೂ ವೇಗ ತಗ್ಗಿಸಲಿಲ್ಲವೆಂಬ ಆರೋಪ ಇಲ್ಲಿ ಐತಿಹ್ಯವಲ್ಲ, ನಿಜ. ಬ್ರಿಟಿಷ್ ವಿಚಾರಣೆ, ಉಳಿದ ಕಪ್ತಾನರೂ ಹಾಗೆಯೇ ಮಾಡುತ್ತಿದ್ದರೆಂದು ಅದನ್ನು ತಪ್ಪೆಂದಿತೇ ಹೊರತು ನಿರ್ಲಕ್ಷ್ಯವೆನ್ನಲಿಲ್ಲ. ಕಂಪನಿಯ ಯಜಮಾನ ಇಸ್ಮೇ ದೋಣಿ ಹತ್ತಿ ಉಳಿದುಕೊಂಡಿದ್ದ. ಲಿಚ್‌ಫೀಲ್ಡ್ ಎಂಬ ಊರಿನಲ್ಲಿ ಸ್ಮಿತ್‌ನ ಪ್ರತಿಮೆ ನಿಂತಿತು. 1914ರಲ್ಲಿ ಅದರ ಪರದೆ ಸರಿಸಿದವಳು ಹೆಲೆನ್. ಆ ಪ್ರತಿಮೆಯ ಕೆಳಗಿನ ಬರಹದಲ್ಲಿ ಟೈಟಾನಿಕ್ ಎಂಬ ಪದವೇ ಇರಲಿಲ್ಲ. ಆಮೇಲೆ ಹೆಲೆನ್‌ಳ ಗಂಡ 1930ರಲ್ಲಿ ಗುಂಡೇಟಿನಿಂದ ಸತ್ತ, ಮರುವರ್ಷ ತಾಯಿ ಟ್ಯಾಕ್ಸಿಗೆ ಸಿಕ್ಕಳು, ಮಗ ಎರಡನೆಯ ಮಹಾಯುದ್ಧದಲ್ಲಿ ಹೋದ, ಮಗಳು ಪೋಲಿಯೋದಿಂದ ಹೋದಳು. ಇದನ್ನು ಟೈಟಾನಿಕ್‌ನ ಶಾಪ ಎಂದು ಬರೆದು ಮಾರುವವರಿದ್ದಾರೆ. ಇಂಥ ಬರಹ ನನಗೆ ಅಸಹ್ಯ. ಹೆಲೆನ್ ಕಾರು ಪಂದ್ಯಗಳಲ್ಲಿ ಓಡಿಸಿದಳು, ವಿಮಾನ ಹಾರಿಸಲು ಕಲಿತಳು, 1973ರವರೆಗೆ ಬದುಕಿದಳು. ಶಾಪದ ಕತೆಯಲ್ಲಿ ಇದಕ್ಕೆ ಜಾಗವಿಲ್ಲ.

ನಮ್ಮದೇ ಕರಾವಳಿಗೆ ಬಂದರೆ ಹಾಡೂ ಇಲ್ಲ, ಪದಕವೂ ಇಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಎರಡು ದಿನದ ಮೇಲೆ ಸಂಪರ್ಕ ಕಡಿದುಕೊಂಡಿತು. ಒಳಗೆ ಏಳು ಮಂದಿ, ಉಡುಪಿ ಮತ್ತು ಉತ್ತರ ಕನ್ನಡದವರು. ಬೋಟಿನ ಮಾಲೀಕರೂ ಅದರಲ್ಲೇ ಇದ್ದರು. ಅಂದರೆ ಇಲ್ಲಿ ಹಳೆಯ ನಾಖುದಾನ ಲೋಕ ಇನ್ನೂ ಉಳಿದಿದೆ. 'ನಿನ್ನ ದೋಣಿ' ಎಂದರೆ ನಿಜವಾಗಿಯೂ ಅವನದೇ. ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗಿಳಿದರು. ಮೇ ತಿಂಗಳಲ್ಲಿ ನೌಕಾಪಡೆಯ 'ನಿರೀಕ್ಷಕ್' ಹಡಗು ಮಹಾರಾಷ್ಟ್ರದ ಮಾಲ್ವಣ್ ಕಡಲಿನಲ್ಲಿ ಬೋಟಿನ ಅವಶೇಷ ಪತ್ತೆಮಾಡಿತು. ದೇಹಗಳು ಸಿಗಲಿಲ್ಲ. ದೊಡ್ಡ ಹಡಗೊಂದು ಡಿಕ್ಕಿ ಹೊಡೆದಿದೆ ಎಂಬುದು ಮೀನುಗಾರರ ಅನುಮಾನ. ಆ ನಾಲ್ಕೂವರೆ ತಿಂಗಳು ಏಳು ಮನೆಗಳ ಹೆಂಗಸರು ಕುಂಕುಮ ಇಡಬೇಕೋ ಬಿಡಬೇಕೋ ಎಂಬ ಅನಿಶ್ಚಯದಲ್ಲಿದ್ದರು. ಕಾಣೆಯಾದವರನ್ನು ಸತ್ತವರೆಂದು ಊಹಿಸಲು 1872ರ ಸಾಕ್ಷ್ಯ ಕಾನೂನು ಏಳು ವರ್ಷ ಹೇಳುತ್ತಿತ್ತು. ಮಫ್ಖೂದ್ ಎಂಬುದು ಅರಬ್ಬೀ ಪದ. ಸ್ಥಿತಿ ಮಲ್ಪೆಯ ಮೊಗವೀರರ ಮನೆಯದೂ ಹೌದು.

ಕನ್ನಡದಲ್ಲಿ ಕಡಲ ಕವಿತೆಗಳಿಗೆ ಬರವಿಲ್ಲ. ಗೋಕಾಕರು 'ಸಮುದ್ರ ಗೀತೆಗಳು' ಎಂಬ ಸಂಕಲನವನ್ನೇ ಕೊಟ್ಟರು. ಅದು ಹಡಗಿನ ಅಟ್ಟಣೆಯಲ್ಲಿ ನಿಂತು ಕಡಲನ್ನು ನೋಡುವ ಪ್ರಯಾಣಿಕನ ಬೆರಗು. ಇಂಜಿನ್ ಕೋಣೆಯವನ, ತಾಂಡೇಲನ, ಅವನು ಬಿಟ್ಟುಹೋದ ಮನೆಯ ಸಾಹಿತ್ಯ ನಮ್ಮಲ್ಲಿ ತೆಳು. ಗುಜರಾತಿಗಳು ತಪ್ಪು ಮನುಷ್ಯನ ಹೆಸರು ಹಿಡಿದು ಅತ್ತಿರಬಹುದು, ಆದರೆ ಅತ್ತರು. 2018ರ ಏಳು ಜನರಿಗೆ ನಮ್ಮಲ್ಲಿ ಇರುವುದು ಪತ್ರಿಕೆಯ ವರದಿಗಳು, ಮತ್ತೆ ಸರ್ಕಾರದ ಕಡತ.

ಭಟ್ಕಳದ ನವಾಯತರು, ಮಂಗಳೂರಿನ ಬ್ಯಾರಿಗಳು ಶಾಫಿ ಮತದವರು. ಕಡಲಿನಲ್ಲಿ ಸತ್ತು ದೇಹ ಸಿಗದವನಿಗೆ ಅವರು ಎದುರಿನಲ್ಲಿ ಮಯ್ಯಿತ್ ಇಲ್ಲದೆಯೂ ಜನಾಝಾ ನಮಾಜ್ ಮಾಡುತ್ತಾರೆ. ಹನಫಿಗಳಾದ ನಮ್ಮ ಕಡೆ, ದೊಡ್ಡಬಳ್ಳಾಪುರ ಹೊಸಕೋಟೆಗಳಲ್ಲಿ, ದೇಹವಿಲ್ಲದೆ ಆ ನಮಾಜ್ ಇಲ್ಲ. ನೀರಿನಲ್ಲಿ ಮುಳುಗಿ ಸತ್ತವನು ಶಹೀದ್ ಎಂಬ ಹದೀಸ್ ಇಬ್ಬರಿಗೂ ಒಂದೇ. ನಮ್ಮ ದಾದಿ ಹೇಳುತ್ತಿದ್ದ ಆ ಹಾಜಿಗಳಲ್ಲಿ ಹೆಚ್ಚಿನವರು ಸುಖವಾಗಿ ಮರಳಿದವರೇ. ಹೋಗುವಾಗ ಒಯ್ದ ಕಫನನ್ನು ಝಮ್‌ಝಮ್ ನೀರಿನಲ್ಲಿ ಅದ್ದಿ ಒಣಗಿಸಿ ಪೆಟ್ಟಿಗೆಯ ಅದೇ ತಳದಲ್ಲಿ ವಾಪಸು ತರುತ್ತಿದ್ದರು, ಮತ್ತೆ ಇಪ್ಪತ್ತು ಮೂವತ್ತು ವರ್ಷ ಅದು ಹಾಗೆಯೇ ಮಡಿಸಿಟ್ಟಿರುತ್ತಿತ್ತು.